ಹತ್ತನೇ ಕ್ಲಾಸಿಗೆ ಜ್ಯಾಝ್ ಪದ್ಯ ಹೆಂಗ ಕಲಿಸ್ತೀರಿ?

ಟೀಚರ್, ಶಹಾಪುರ:
ಎಲ್ಲಾರಿಗೂ ನಮಸ್ಕಾರ್ರಿ. ಹತ್ತನೇ ಕ್ಲಾಸಿನ ಸೆಕೆಂಡ್ ಲ್ಯಾಂಗ್ವೇಜ್ ಇಂಗ್ಲಿಷ್ ಪುಸ್ತಕದಾಗ ಕಾರ್ಲ್ ವೆಂಡೆಲ್ ಹೈನ್ಸ್ ಬರೆದ 'ಜ್ಯಾಝ್ ಪೊಯೆಮ್ ಟೂ' ಅದ. ನಮ್ಮದು ಕನ್ನಡ ಮೀಡಿಯಂ ಶಾಲಿ. ಜ್ಯಾಝ್ ಅಂದ್ರ ಅಮೆರಿಕಾದ ಕಪ್ಪು ಜನರಿಂದ ಹುಟ್ಟಿದ ಸಂಗೀತ. ಮಕ್ಕಳು ಅದನ್ನ ಕೇಳಿಲ್ಲ, ಆ ಜನರ ಕಥಿನೂ ಗೊತ್ತಿಲ್ಲ. ಗೈಡ್ ಬಾಯಿಪಾಠ ಮಾಡಿ ಬರೀತಾವ, ಮಾರ್ಕ್ಸೂ ಬರ್ತಾವ. ನನಗ ಅಷ್ಟಕ್ಕ ಸಮಾಧಾನ ಆಗವಲ್ದು. ಮೊದಲು ಇತಿಹಾಸ ಹೇಳ್ಬೇಕೋ, ಸೀದಾ ಪದ್ಯಕ್ಕ ಹೋಗ್ಬೇಕೋ?

ಮಾಸ್ತರ್, ಜೇವರ್ಗಿ:
ಸೀದಾ ಬೂಟಿಗೆ ಹೋಗ್ರಿ ಟೀಚರ್. ಪದ್ಯದಾಗ ಜ್ಯಾಝ್ ನುಡಿಸೋ ಕಪ್ಪು ಮುದುಕ ಸವೆದ ಬೂಟಿನಾಗ ಕಾಗದ ಇಟ್ಕೊಂಡಾನ. 'ಯಾಕ?' ಅಂತ ಕೇಳಿ ಸುಮ್ಮನ ನಿಲ್ರಿ. ನಮ್ಮ ಮಕ್ಕಳಿಗೆ ಇದಕ್ಕ ಗೈಡ್ ಬೇಕಾಗಂಗಿಲ್ಲ. ಹಿಂದಿನ ಬೆಂಚಿನಿಂದಾನೇ ಬರ್ತದ ಉತ್ತರ: 'ತಳ ತೂತು ಬಿದ್ದಿರ್ತದ್ರೀ ಸರ್.' ಆಮ್ಯಾಲ ಕಾಲರ್ ಹರಿದ, ಮಾಸಿದ ನೀಲಿ ಅಂಗಿ. ಸ್ಯಾಕ್ಸೋಫೋನ್ ಅನ್ನೋ ಊದೋ ವಾದ್ಯಕ್ಕ ಪಟ್ಟಿ ಕೊಳ್ಳಾಕ ರೊಕ್ಕ ಇಲ್ಲ, ಅಂಗಿ ನೇತಹಾಕೋ ತಂತಿ ಹ್ಯಾಂಗರನ್ನೇ ಕೊರಳಿಗೆ ಹಾಕ್ಕೊಂಡಾನ. ನಾ ಒಂದು ಹ್ಯಾಂಗರ್ ಬಗ್ಗಿಸಿ ಕ್ಲಾಸಿಗೆ ಒಯ್ತೀನಿ. ಒಬ್ಬ ಹುಡುಗ ಅದನ್ನ ಹಾಕ್ಕೊಂಡು ತಲಿ ತಗ್ಗಿಸಿ, ಕಣ್ಣು ಮುಚ್ಚಿ ನಿಂತನಂದ್ರ ಅರ್ಧ ಪದ್ಯ ತಿಳೀತು.

ಹಂಗ ನಿಂತಾವನ್ನ ಅವರು ನೋಡ್ಯಾರ. ಕಡಕೋಳ ಮಡಿವಾಳಪ್ಪನ ತತ್ವಪದ ಹಾಡೋ ಅಜ್ಜ ಏಕತಾರಿ ಹಿಡಿದು ಕಣ್ಣು ಮುಚ್ಚಿದ್ರ ಗೌಡ್ರ ಅಂಜಿಕಿ, ಸಾಲ, ಜಾತಿ ಯಾವುದೂ ಸನೇಕ ಸುಳಿಯಂಗಿಲ್ಲ. ಇಲ್ಲೂ ಊದ್ತಾ ಊದ್ತಾ ಅಂವ ಹಕ್ಕಿ ಆಗ್ತಾನ. ಹಾರಿ ಹೋಗ್ತಾನ, ಇಲ್ಲಾ ತಿರುಗಿ ಬಂದು ಮತ್ತ ಕಪ್ಪು ಮನುಷ್ಯನೇ ಆಗಿ ನಿಲ್ತಾನ. ಪದ್ಯದ ಜೀವ ಈ ಕೊನೀ ಸಾಲಿನಾಗೇ ಅದ. 'ಯಾಕ ತಿರುಗಿ ಬರಬೇಕಾಯ್ತು?' ಅಂತ ಮಕ್ಕಳೇ ಕೇಳಿದಾಗ ಇತಿಹಾಸ ತೆಗೀರಿ.

ಸರ್, ಭಾಲ್ಕಿ:
ಖರೇ ಮಾತು. ಎರಡು ಇಸವಿ ಸಾಕು. 1865ರಾಗ ಅಮೆರಿಕಾದಾಗ ಗುಲಾಮಗಿರಿ ಸಂವಿಧಾನದ ತಿದ್ದುಪಡಿಯಿಂದ ರದ್ದಾಯ್ತು. ಆದ್ರೂ ದಕ್ಷಿಣದ ರಾಜ್ಯಗಳಾಗ ಕಪ್ಪು ಮಕ್ಕಳಿಗೆ ಬ್ಯಾರೆ ಶಾಲಿ, ಕುಡಿಯಾಕ ಬ್ಯಾರೆ ನಳ, ಬಸ್ಸಿನಾಗ ಹಿಂದಿನ ಸೀಟು. ಈ ಭೇದ ನಿಷೇಧಿಸೋ ನಾಗರಿಕ ಹಕ್ಕುಗಳ ಕಾಯ್ದೆ ಬಂದಿದ್ದು 1964ಕ್ಕ. ನಳದ ಮಾತು ಬಂದಾಗ ಕ್ಲಾಸು ಗಪ್ ಆಗ್ತದ, ನೋಡ್ರಿ. ಇನ್ನೊಂದು, ಹೆಸರಾಂತ ಜ್ಯಾಝ್ ವಾದಕ ಚಾರ್ಲಿ ಪಾರ್ಕರ್ ಪದ್ಯದ ಮುದುಕನಂಗ ಆಲ್ಟೋ ಅನ್ನೋ ಬಗೆಯ ಸ್ಯಾಕ್ಸೋಫೋನ್ ನುಡಿಸ್ತಿದ್ರು, ಜನ ಅವರಿಗೆ 'ಬರ್ಡ್', ಅಂದ್ರ ಹಕ್ಕಿ ಅಂತಿದ್ರು. ಒಂದು ತುಣುಕು ಮೊಬೈಲಿಗೆ ಸ್ಪೀಕರ್ ಹಚ್ಚಿ ಕೇಳಿಸ್ರಿ.

ಟೀಚರ್, ಶಹಾಪುರ:
ಹ್ಯಾಂಗರ್ ನಾಳೇನೇ ಒಯ್ತೀನ್ರಿ. ಆದ್ರ ಜಾತಿ ಮಾತು ಎದ್ರ ಕೆಲವು ಮಕ್ಕಳು ತಲಿ ತಗ್ಗಿಸ್ತಾವ. ಅವಕ್ಕ ನೋವಾಗಬಾರ್ದು.

ಮಾಸ್ತರ್, ಜೇವರ್ಗಿ:
ಯಾರನ್ನೂ ಎಬ್ಬಿಸಿ ಕೇಳಬ್ಯಾಡ್ರಿ. ಒಂದೊಂದು ಹಾಳಿ ಕೊಟ್ಟು, 'ನೀ ಯಾವಾಗ ಹಕ್ಕಿ ಆಗ್ತಿ?' ಅಂತ ಕನ್ನಡದಾಗೇ ಬರೀಲಿಕ್ಕೆ ಹಚ್ರಿ. ಹೆಸರು ಹಾಕೋದು ಬ್ಯಾಡ, ಗಟ್ಟಿಯಾಗಿ ಓದಿಸೋದೂ ಬ್ಯಾಡ. ನೀವೊಬ್ಬರೇ ಓದ್ರಿ. ಇಂಗ್ಲಿಷ್ ಉತ್ತರ ಎರಡನೇ ಪಿರಿಯಡ್‌ಗೆ ಇಟ್ಕೊಳ್ರಿ.