ಗುರು ಯಾರು, ಯಜಮಾನ ಯಾರು? ಊರ ಕಲಾಶಾಲೆ ನಡೆಸಿದವರ ಅನುಭವಗಳು

ಕೇಳಿದವರು: ಉತ್ತರ ಕನ್ನಡದ ಒಂದು ಕಲಾಶಾಲೆಯ ಹೊಸ ಕಾರ್ಯದರ್ಶಿ

ನಮ್ಮ ತಾಲ್ಲೂಕು ಕೇಂದ್ರದಲ್ಲಿ ಊರವರೇ ಸೇರಿ ಕಟ್ಟಿದ ಕಲಾಶಾಲೆಯೊಂದು 22 ವರ್ಷಗಳಿಂದ ನಡೆಯುತ್ತಿದೆ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಯಕ್ಷಗಾನದ ಹೆಜ್ಜೆ (ಕುಣಿತ), ಭಾಗವತಿಕೆ (ಹಾಡುಗಾರಿಕೆ), ಚೆಂಡೆ, ಮದ್ದಳೆ, ಹಿಂದೂಸ್ತಾನಿ ಗಾಯನ ಮತ್ತು ಭರತನಾಟ್ಯದ ತರಗತಿಗಳಿವೆ. ಸುಮಾರು 90 ಮಕ್ಕಳು, 5 ಮಂದಿ ಶಿಕ್ಷಕರು. ಸ್ಥಾಪಕರಾದ ಭಾಗವತರಿಗೆ ಈಗ 76 ವರ್ಷ. ಅವರೇ ಅಧ್ಯಕ್ಷರು, ಅವರೇ ಮುಖ್ಯ ಗುರುಗಳು. ಶುಲ್ಕದ ಲೆಕ್ಕ ಇರುವುದು ಅವರ ಡೈರಿಯಲ್ಲಿ, ಬಾಗಿಲಿನ ಕೀಲಿಕೈ ಇರುವುದು ಅವರ ಜೇಬಿನಲ್ಲಿ. ಕಳೆದ ವರ್ಷ ಗೌರವಧನದ ವಿಚಾರದಲ್ಲಿ ಮನಸ್ತಾಪವಾಗಿ ಹೆಜ್ಜೆ ಕಲಿಸುತ್ತಿದ್ದ ಶಿಕ್ಷಕರು ಹೊರಟುಹೋಗಿ ಪಕ್ಕದ ಬೀದಿಯಲ್ಲೇ ತರಗತಿ ತೆರೆದರು. 20 ಮಕ್ಕಳು ಅವರ ಹಿಂದೆಯೇ ಹೋದರು. ಅದಾದ ಮೇಲೆ ಸಮಿತಿಯವರು ಈ ಹೊಣೆಯನ್ನು ನನಗೆ ಒಪ್ಪಿಸಿದ್ದಾರೆ. ನಾನು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು, ನೆಟ್ಟಗೆ ತಾಳ ಹಾಕಲೂ ಬಾರದವಳು. ಇಂಥ ಶಾಲೆಯ ಮುಂದಾಳು ಕಲಾವಿದನೇ ಆಗಿರಬೇಕೆ, ಶಿಕ್ಷಕರಿಗೆ ಕೊಡುವುದನ್ನು ಹೇಗೆ ನಿಗದಿಪಡಿಸಬೇಕು, ಗುರುಗಳ ಮನಸ್ಸು ನೋಯದಂತೆ ಈ ಮಾತನ್ನು ಎತ್ತುವುದಾದರೂ ಹೇಗೆ ಎಂಬುದನ್ನು, ಶಾಲೆ ನಡೆಸಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಕುಂದಾಪುರ ಕಡೆಯ ಯಕ್ಷಗಾನ ಶಿಕ್ಷಕರು

ಮೇಡಂ, ನಾನು 19 ವರ್ಷ ಮೇಳಗಳಲ್ಲಿ, ಅಂದರೆ ಯಕ್ಷಗಾನ ತಂಡಗಳಲ್ಲಿ, ವೇಷ ಮಾಡಿ, ಮಂಡಿನೋವು ಬಂದ ಮೇಲೆ ಮಕ್ಕಳಿಗೆ ಹೆಜ್ಜೆ ಕಲಿಸುತ್ತಿರುವವನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಗುರುಗಳಿಗೆ ಚೆನ್ನಾಗಿ ಗೊತ್ತಿರುವ ಜಾಗದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಮೇಳದಲ್ಲಿ ಭಾಗವತರನ್ನು ಒಂದನೇ ವೇಷ ಎನ್ನುತ್ತೇವೆ. ಪದ್ಯ ಎತ್ತುವುದು ಯಾವಾಗ, ಮಾತು ಉದ್ದವಾದರೆ ತಡೆಯುವುದು ಯಾವಾಗ, ಬೆಳಗಾಗುವುದರೊಳಗೆ ಪ್ರಸಂಗವನ್ನು ಮುಗಿಸುವುದು ಹೇಗೆ ಎಂಬುದನ್ನೆಲ್ಲ ಅವರೇ ತೀರ್ಮಾನಿಸುತ್ತಾರೆ. ಎಷ್ಟೇ ದೊಡ್ಡ ಹೆಸರಿನ ವೇಷಧಾರಿಯಾದರೂ ರಂಗಸ್ಥಳದಲ್ಲಿ ಅವರ ಜಾಗಟೆಗೆ ತಲೆಬಾಗಲೇಬೇಕು. ಆದರೆ ನಾಳೆಯ ಆಟ ಯಾವ ಊರಿನಲ್ಲಿ, ಯಾರಿಗೆ ಎಷ್ಟು ಸಂಬಳ, ಯಾರಿಗೆ ಎಷ್ಟು ಮುಂಗಡ ಎಂಬುದನ್ನು ನೋಡುವವರು ಯಜಮಾನರು ಮತ್ತು ಅವರ ಮ್ಯಾನೇಜರು. ಭಾಗವತರು ಹಣದ ಪೆಟ್ಟಿಗೆಗೆ ಕೈ ಹಾಕುವುದಿಲ್ಲ, ಯಜಮಾನರು ಈ ಪದ್ಯವನ್ನು ಇಂಥ ರಾಗದಲ್ಲೇ ಹಾಡಿ ಎನ್ನುವುದಿಲ್ಲ. ಈ ಗೆರೆ ಅಳಿಸಿದ ಮೇಳಗಳಲ್ಲಿ ಏನಾಯಿತೆಂಬುದನ್ನೂ ನಾನು ಕಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದು ಬೇಡ.

ನೀವು ಕಲಾವಿದೆಯಲ್ಲ ಎಂದು ಅಳುಕಬೇಕಾಗಿಲ್ಲ. ಉಡುಪಿಯ ಯಕ್ಷಗಾನ ಕೇಂದ್ರವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಪ್ರಮುಖರಾದ ಕು.ಶಿ. ಹರಿದಾಸ ಭಟ್ಟರು ಎಂ.ಜಿ.ಎಂ. ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ವೇಷಧಾರಿಯಲ್ಲ. ಅಲ್ಲಿ ಹೆಜ್ಜೆ ಕಲಿಸಿದವರು ವೀರಭದ್ರ ನಾಯಕರು, ಮದ್ದಳೆ ಕಲಿಸಿದವರು ಹಿರಿಯಡಕ ಗೋಪಾಲ ರಾಯರು. ಅಂಥವರು ತಮ್ಮ ವಿದ್ಯೆಯ ಕಡೆಗಷ್ಟೇ ಗಮನ ಕೊಡಲು ಸಾಧ್ಯವಾಗುವ ಏರ್ಪಾಟನ್ನು ಮಾಡಿಕೊಡುವುದೇ ಆಡಳಿತದವರ ಕೆಲಸ.

ಇನ್ನೊಂದು ಸಂಗತಿಯನ್ನು ಸೇರಿಸಬೇಕು. ನಿಮ್ಮ ಶಿಕ್ಷಕರಲ್ಲಿ ಮೇಳದ ಕಲಾವಿದರಿದ್ದರೆ ವರ್ಷದ ಹನ್ನೆರಡು ತಿಂಗಳೂ ಒಂದೇ ವೇಳಾಪಟ್ಟಿ ಹಾಕಬೇಡಿ. ದೀಪಾವಳಿ ಕಳೆದು ಮೇಳ ಊರೂರು ತಿರುಗಾಟ ಹೊರಟರೆ ಮೇ ಕೊನೆಯ ತನಕ ಅವರಿಗೆ ರಾತ್ರಿಯೆಲ್ಲ ಆಟ, ಹಗಲು ನಿದ್ದೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ತರಗತಿ ಇಟ್ಟುಕೊಂಡು, ಕೆಂಪಾದ ಕಣ್ಣಿನಿಂದ ಬಂದವರನ್ನು ಶಿಸ್ತಿಲ್ಲದವರು ಎಂದು ಬೈದ ಸಮಿತಿಯೊಂದರ ಕೈಕೆಳಗೆ ನಾನು ಎರಡು ವರ್ಷ ಕೆಲಸ ಮಾಡಿದ್ದೇನೆ. ಮಳೆಗಾಲದ ನಾಲ್ಕೈದು ತಿಂಗಳಲ್ಲಿ ವಾರಕ್ಕೆ ಮೂರು ದಿನ ಹೊಸ ಪಾಠವನ್ನು ಒತ್ತಾಗಿ ಮಾಡಿ, ತಿರುಗಾಟದ ತಿಂಗಳುಗಳಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರಿಂದ ಅಭ್ಯಾಸವನ್ನಷ್ಟೇ ಮಾಡಿಸುವುದು ನಮ್ಮಲ್ಲಿ ಈಗ ರೂಢಿಯಾಗಿದೆ. ಆ ಹಿರಿಯ ವಿದ್ಯಾರ್ಥಿಗೂ ಏನಾದರೂ ಕೊಡಬೇಕು, ಮರೆಯಬೇಡಿ. ರಂಗಸ್ಥಳದಲ್ಲಿ ಮಿಂಚುವವರೆಲ್ಲ ಹತ್ತು ವರ್ಷದ ಹುಡುಗನಿಗೆ ತಿತ್ತಿತ್ತೈ ತಾಳದ ಹೆಜ್ಜೆಯನ್ನು ಬಿಡಿಸಿ ಹೇಳಿಕೊಡಬಲ್ಲರು ಎಂದೇನೂ ಇಲ್ಲ. ಎರಡನೆಯ ಸಾಲಿನ ವೇಷಧಾರಿಯಾಗಿದ್ದೂ ಅದ್ಭುತವಾಗಿ ಕಲಿಸುವವರಿದ್ದಾರೆ. ಶಿಕ್ಷಕರನ್ನು ನೇಮಿಸುವ ಮೊದಲು ಅವರ ಆಟ ನೋಡುವುದಕ್ಕಿಂತ, ಅವರು ಚಿಕ್ಕ ಮಕ್ಕಳಿಗೆ ಒಂದು ಗಂಟೆ ಪಾಠ ಮಾಡುವುದನ್ನು ನಿಮ್ಮ ಗುರುಗಳು ಕುಳಿತು ನೋಡಲಿ.

ಶಿವಮೊಗ್ಗದ ಸಂಗೀತ ಶಾಲೆಯೊಂದರ ಖಜಾಂಚಿ

ಹಣದ ವಿಚಾರವನ್ನಷ್ಟೇ ಬರೆಯುತ್ತೇನೆ, ಏಕೆಂದರೆ 11 ವರ್ಷಗಳಿಂದ ನಾನು ನೋಡಿಕೊಂಡಿರುವುದು ಅದನ್ನೇ. ನಮ್ಮಲ್ಲಿ ಮೊದಲು ಶುಲ್ಕದ ಶೇಕಡಾ 60 ಭಾಗ ಕಲಿಸಿದವರಿಗೆ, ಉಳಿದದ್ದು ಶಾಲೆಗೆ ಎಂಬ ಲೆಕ್ಕವಿತ್ತು. ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಒಂದು ಮಗು ಎಂದರೆ ಇಷ್ಟು ರೂಪಾಯಿ ಎಂದಾದ ಮೇಲೆ, ಸೀನಿಯರ್ ಪರೀಕ್ಷೆ ದಾಟಿದ ವಿದ್ಯಾರ್ಥಿಯನ್ನು ವಿದ್ವತ್ ಮಟ್ಟದ ಪಾಠ ಮಾಡುವ ಸಹೋದ್ಯೋಗಿಯ ಬಳಿಗೆ ಯಾರೂ ಕಳುಹಿಸಲಿಲ್ಲ. ಎಂಟು ಮಕ್ಕಳು ಕೂರಬೇಕಾದ ಚಾಪೆಯ ಮೇಲೆ ಹದಿನೆಂಟು ಮಕ್ಕಳು ಕುಳಿತರು. ವೀಣೆಗೆ ಮೂವರೇ ಮಕ್ಕಳಿದ್ದುದರಿಂದ ವೀಣೆಯ ಶಿಕ್ಷಕಿಗೆ ಬಸ್ಸಿನ ಖರ್ಚೂ ಹುಟ್ಟದೆ ಅವರು ನಿಲ್ಲಿಸಿಬಿಟ್ಟರು. ಈಗ ಶುಲ್ಕವೆಲ್ಲ ಶಾಲೆಯ ಬ್ಯಾಂಕ್ ಖಾತೆಗೇ ಬರುತ್ತದೆ ಮತ್ತು ಶಿಕ್ಷಕರಿಗೆ ತರಗತಿಯ ಲೆಕ್ಕದಲ್ಲಿ, ಮಕ್ಕಳು ಮೂವರಿರಲಿ ಹತ್ತು ಮಂದಿಯಿರಲಿ, ಒಂದೇ ದರ. ದಸರಾ ಮತ್ತು ಬೇಸಿಗೆ ರಜೆಯಲ್ಲಿ ಅರ್ಧ ಗೌರವಧನ ಕೊಡುತ್ತೇವೆ, ಏಕೆಂದರೆ ಶಿಕ್ಷಕರ ಮನೆಯ ಒಲೆಗೆ ರಜೆ ಇರುವುದಿಲ್ಲ.

ಹೊರಗೆ ಕಾಣಿಸದ ಹಣವೇ ಹೆಚ್ಚು ಮನಸ್ತಾಪಕ್ಕೆ ಕಾರಣವಾಗುತ್ತದೆ. ರಂಗಪ್ರವೇಶದ ಸಂಭಾವನೆ, ವೇಷಭೂಷಣ ಬಾಡಿಗೆಗೆ ಕೊಡುವವರಿಂದ ಬರುವ ಕಮಿಷನ್, ಪಕ್ಕವಾದ್ಯದವರಿಗೆಂದು ಪೋಷಕರಿಂದ ಕೈಗೆ ಪಡೆದ ನಗದು, ಇವೆಲ್ಲ ತಪ್ಪು ಎಂದು ನಾನು ಹೇಳುತ್ತಿಲ್ಲ. ಎಷ್ಟು ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರಬೇಕು. ನಾವು ಒಂದು ಹಾಳೆಯಲ್ಲಿ ಇವನ್ನು ಬರೆದು ಪ್ರವೇಶದ ದಿನವೇ ಪೋಷಕರಿಗೆ ಕೊಡುತ್ತೇವೆ.

ನಿಮ್ಮ ಶಾಲೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ, ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಲಾಗಿದೆಯೇ ಎಂದು ಮೊದಲು ನೋಡಿ. ಡೈರಿಯಲ್ಲಿ ಲೆಕ್ಕ ಇಡುವ ಹಿರಿಯರು ಪ್ರಾಮಾಣಿಕರೇ ಆಗಿರುತ್ತಾರೆ. ಆದರೆ ಈ ಪಟ್ಟಿ ವರ್ಷಗಟ್ಟಲೆ ಸಲ್ಲಿಕೆಯಾಗದೆ ಉಳಿದಿರುತ್ತದೆ, ಮುಂದೆ ಧನಸಹಾಯಕ್ಕೆ ಅರ್ಜಿ ಹಾಕುವಾಗ ಅದು ಅಡ್ಡ ಬರುತ್ತದೆ. ನಮ್ಮಲ್ಲಿ ಆರು ವರ್ಷದ ಬಾಕಿಯನ್ನು ಸರಿಪಡಿಸಲು ನಾನು ಒಂದು ಇಡೀ ಬೇಸಿಗೆ ಕಚೇರಿಗೆ ಅಲೆದಿದ್ದೇನೆ. ಬ್ಯಾಂಕಿನಲ್ಲಿ ಇಬ್ಬರ ಸಹಿ ಇರಲಿ. ಗೌರವಧನ ಪಡೆಯುವ ಶಿಕ್ಷಕರು ಸಮಿತಿಯಲ್ಲೂ ಇದ್ದರೆ, ಗೌರವಧನದ ಚರ್ಚೆಯಾಗುವಾಗ ಅವರು ಹೊರಗೆ ಕೂರಬೇಕೆಂಬ ಒಂದು ಸಾಲನ್ನು ನಿಯಮಾವಳಿಯಲ್ಲಿ ಸೇರಿಸಿ.

ಶಿರಸಿಯ ಪೋಷಕರು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತಲೇ ಒಂದು ಮಾತು ಹೇಳಬೇಕಾಗಿದೆ. ನನ್ನ ಮಗಳನ್ನು ನಾನು ಕಲಾಶಾಲೆಗೆ ಸೇರಿಸಿದ್ದು ಸಮಿತಿಯ ನಿಯಮಾವಳಿಯನ್ನು ನೋಡಿ ಅಲ್ಲ, ಗುರುಗಳನ್ನು ನೋಡಿ. ಅವರು ಶಾಲೆ ಬಿಟ್ಟಾಗ ಕಾರಣವೇನೆಂದು ಯಾರೂ ನಮಗೆ ತಿಳಿಸಲಿಲ್ಲ. ಒಂದು ಭಾನುವಾರ ಹೋದಾಗ ಬೇರೊಬ್ಬರು ಕುಳಿತಿದ್ದರು, ಅಷ್ಟೇ. ನಾವು ಗುರುಗಳ ಹಿಂದೆ ಹೋದದ್ದು ಶಾಲೆಯ ಮೇಲಿನ ಕೋಪದಿಂದಲ್ಲ, ಶಾಲೆಯ ಪರವಾಗಿ ಮಾತಾಡುವವರೇ ಇಲ್ಲದ್ದರಿಂದ. ನಿಮ್ಮ 20 ಮಕ್ಕಳ ಮನೆಗಳಿಗೆ ಒಮ್ಮೆ ನೀವೇ ಹೋಗಿ ಬನ್ನಿ. ಮರಳಿ ಬನ್ನಿ ಎಂದು ಕರೆಯುವುದಕ್ಕಲ್ಲ, ಏನಾಯಿತೆಂದು ಕೇಳುವುದಕ್ಕೆ.

ಧಾರವಾಡದ ನಿವೃತ್ತ ಗಾಯನ ಶಿಕ್ಷಕರು

ನಿಮ್ಮ ಮೂರನೆಯ ಪ್ರಶ್ನೆಗೆ ನಾವು ಮಾಡಿದ ತಪ್ಪನ್ನೇ ಉತ್ತರವಾಗಿ ಹೇಳುತ್ತೇನೆ. ನಾನು ಕಲಿಸುತ್ತಿದ್ದ ಶಾಲೆಯ ಸ್ಥಾಪಕರಿಗೆ 80 ಸಮೀಪಿಸಿದಾಗ, ಅವರಿಗೆ ಭಾರ ಕಡಿಮೆ ಮಾಡೋಣವೆಂದು ನಾವೆಲ್ಲ ನಮ್ಮನಮ್ಮಲ್ಲೇ ಮಾತಾಡಿಕೊಂಡು, ಸರ್ವಸದಸ್ಯರ ಸಭೆಯಲ್ಲಿ ಅವರನ್ನು ಗೌರವಾಧ್ಯಕ್ಷರನ್ನಾಗಿ ಮಾಡುವ ಠರಾವನ್ನು ಮಂಡಿಸಿದೆವು. ಶಾಲು, ಹಾರ, ಚಪ್ಪಾಳೆ ಎಲ್ಲವೂ ಆಯಿತು. ಸಭೆ ಮುಗಿದ ಮೇಲೆ ಅವರು ಏನೂ ಮಾತಾಡದೆ, ಗೋಡೆಯ ಮೇಲಿದ್ದ ತಮ್ಮ ಗುರುಗಳ ಫೋಟೋವನ್ನು ಇಳಿಸಿಕೊಂಡು ಮನೆಗೆ ಹೋದರು. ನಾಲ್ಕು ತಿಂಗಳು ತಂಬೂರಿ ಮೂಲೆ ಹಿಡಿಯಿತು.

ಕೊನೆಗೆ ನಾನೊಬ್ಬನೇ ಅವರ ಮನೆಗೆ ಹೋಗಿ, ಚಹಾ ಕುಡಿಯುತ್ತ, ಏನು ಬೇಕೆಂದು ನೇರವಾಗಿ ಕೇಳಿದೆ. ಅಧ್ಯಕ್ಷಗಿರಿ ಅವರಿಗೆ ಬೇಕಾಗಿರಲಿಲ್ಲ, ಲೆಕ್ಕದ ಪುಸ್ತಕವಂತೂ ಅವರಿಗೆ ತಲೆನೋವೇ ಆಗಿತ್ತು. ಅವರನ್ನು ಕಾಡುತ್ತಿದ್ದುದು ಒಂದೇ ಪ್ರಶ್ನೆ: ಒಂದು ಮಗು ವೇದಿಕೆಗೆ ಸಿದ್ಧವಾಗಿದೆಯೇ ಇಲ್ಲವೇ ಎಂಬುದನ್ನು ಇನ್ನು ಮುಂದೆ ಯಾರು ಹೇಳುತ್ತಾರೆ? ದೇಣಿಗೆ ಕೊಟ್ಟವರ ಮಗನಿಗೆ ವಾರ್ಷಿಕೋತ್ಸವದಲ್ಲಿ ಇಪ್ಪತ್ತು ನಿಮಿಷ, ಹಮಾಲನ ಮಗನಿಗೆ ಕೋರಸ್ಸಿನಲ್ಲಿ ಜಾಗ ಎಂದಾಗಬಹುದೆಂಬ ಭಯ ಅವರದು. ಆ ಭಯ ಸುಳ್ಳಾಗಿರಲಿಲ್ಲ. ಆಗ ಒಂದು ಪುಟದ ಬರಹ ಮಾಡಿದೆವು: ಪಾಠ, ಪರೀಕ್ಷೆಗೆ ಕಳುಹಿಸುವುದು, ವೇದಿಕೆಗೆ ಹತ್ತಿಸುವುದು, ಹೊಸ ಶಿಕ್ಷಕರ ಯೋಗ್ಯತೆ, ಈ ನಾಲ್ಕು ಗುರುಗಳ ಮಾತು, ಅದರಲ್ಲಿ ಸಮಿತಿ ಕೈಹಾಕುವಂತಿಲ್ಲ; ಶುಲ್ಕ, ಗೌರವಧನ, ಕಟ್ಟಡ, ಲೆಕ್ಕ ಇವು ಸಮಿತಿಯವು. ಕುಂದಾಪುರದವರು ಬರೆದ ಭಾಗವತ–ಯಜಮಾನರ ಗೆರೆಯೇ ಇದು, ನಮಗೆ ಅದು ಹೊಳೆಯಲು ನಾಲ್ಕು ತಿಂಗಳು ಬೇಕಾಯಿತು. ಮರುವಾರ ಫೋಟೋ ಗೋಡೆಗೆ ಮರಳಿತು.

ಸ್ಥಾಪಕರಿದ್ದಾಗಲೇ ಹೊಣೆ ಹಂಚಿಕೊಂಡ ಸಂಸ್ಥೆಗಳು ನಮ್ಮಲ್ಲಿ ಇಲ್ಲದಿಲ್ಲ. ಹೆಗ್ಗೋಡಿನ ನೀನಾಸಂ 1949ರಲ್ಲಿ ಊರವರ ಕೂಟವಾಗಿ ಹುಟ್ಟಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾದಾಗ ಅದರ ಪ್ರಾಂಶುಪಾಲರಾದವರು ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಲ್ಲ, ಚಿದಂಬರರಾವ್ ಜಂಬೆಯವರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸುಬ್ಬಣ್ಣನವರಿಗೆ, ಆದರೆ ತರಗತಿಯ ಯಜಮಾನಿಕೆಯನ್ನು ಅವರು ತಮ್ಮಲ್ಲೇ ಇಟ್ಟುಕೊಂಡಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ದಾರಿ ಬೇರೆ. ಅಲ್ಲಿ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ, ಅಂದರೆ 66 ವರ್ಷ, ಗುರುವೂ ಹೌದು ಪೋಷಕರೂ ಹೌದು ಎಂಬಂತೆ ನಡೆಸಿದರು. ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನೂ ಕಟ್ಟಿ ಆಡಿಸಿದರು. ಒಬ್ಬರೇ ಎರಡನ್ನೂ ಹೊರಬಹುದು ಎಂಬುದಕ್ಕೆ ಅದು ಉದಾಹರಣೆ. ಆದರೆ ಅಂಥವರೊಬ್ಬರು ಸಿಗುತ್ತಾರೆಂದು ನಂಬಿ ನಿಯಮಾವಳಿ ಬರೆಯಲು ಆಗುವುದಿಲ್ಲ.

ಇನ್ನೊಂದು ಕೆಲಸವನ್ನು ಈ ಮಳೆಗಾಲದಲ್ಲೇ ಮಾಡಿ. ನಿಮ್ಮ ಭಾಗವತರಿಗೆ ಪುಸ್ತಕದಲ್ಲಿಲ್ಲದ ಎಷ್ಟೋ ಮಟ್ಟುಗಳು (ಪದ್ಯ ಹಾಡುವ ಧಾಟಿಗಳು) ಬಾಯಿಗೆ ಬರುತ್ತಿರಬಹುದು. ಇಬ್ಬರು ಶಿಷ್ಯರನ್ನು ಎದುರು ಕೂರಿಸಿ, ಮದ್ದಳೆಯ ಜೊತೆಗೆ ಅವನ್ನು ಧ್ವನಿಮುದ್ರಿಸಿಕೊಳ್ಳಿ. ಹಣದ ಮಾತಿಗಿಂತ ಮೊದಲು ಈ ಮಾತು ಎತ್ತಿದರೆ, ಶಾಲೆ ತಮ್ಮಿಂದ ಕಿತ್ತುಕೊಳ್ಳಲು ಬಂದಿಲ್ಲ, ಪಡೆಯಲು ಬಂದಿದೆ ಎಂದು ಅವರಿಗೆ ಗೊತ್ತಾಗುತ್ತದೆ.

ಹಾಸನದ ಭರತನಾಟ್ಯ ಶಿಕ್ಷಕಿ

ಯಾರೂ ಎತ್ತದ ಒಂದು ವಿಷಯವನ್ನು ನಾನು ಎತ್ತಬೇಕಾಗಿದೆ. ನಮ್ಮ ವಿದ್ಯೆಯಲ್ಲಿ ಮಗುವಿನ ಮೊಣಕೈ, ಸೊಂಟ, ಮಂಡಿಯನ್ನು ಮುಟ್ಟಿ ತಿದ್ದುವ ರೂಢಿಯಿದೆ, ಮತ್ತು ಗುರುವನ್ನು ಪ್ರಶ್ನಿಸಬಾರದೆಂದು ಮಕ್ಕಳಿಗೆ ಮನೆಯಲ್ಲೇ ಕಲಿಸಿರುತ್ತಾರೆ. ಈ ಎರಡೂ ಸೇರಿದ ಜಾಗದಲ್ಲಿ ಮುಂದಾಳುಗಳು ಕಣ್ಣು ತೆರೆದಿರಬೇಕು. ನಾನು ಹಿಂದೆ ಕೆಲಸ ಮಾಡಿದ ಶಾಲೆಯೊಂದರಲ್ಲಿ ಹುಡುಗಿಯೊಬ್ಬಳ ತಾಯಿ ದೂರು ತಂದಾಗ, ಶಾಲೆಯ ಹೆಸರು ಹಾಳಾಗುತ್ತದೆ, ಒಳಗೊಳಗೇ ಮುಗಿಸೋಣ ಎಂದು ಹಿರಿಯರು ಹೇಳಿದರು. ನಾನು ಅಲ್ಲಿಂದ ಹೊರಬಿದ್ದದ್ದು ಆ ಮಾತಿಗಾಗಿಯೇ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಅವರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಒಳಗೇ ಮುಗಿಸುವ ಅಧಿಕಾರ ಸಮಿತಿಗೂ ಇಲ್ಲ, ಗುರುಗಳಿಗೂ ಇಲ್ಲ.

ನನ್ನ ಈಗಿನ ಶಾಲೆಯಲ್ಲಿ ತರಗತಿಯ ಬಾಗಿಲು ತೆರೆದೇ ಇರುತ್ತದೆ, ಒಂದೇ ಮಗುವಿಗೆ ಪಾಠವಿದ್ದರೆ ಮನೆಯವರೊಬ್ಬರು ಕಣ್ಣಳತೆಯಲ್ಲಿ ಕೂರುತ್ತಾರೆ, ಮುಟ್ಟಿ ತಿದ್ದುವ ಮೊದಲು ಹೇಳಿ ತಿದ್ದುತ್ತೇವೆ, ಕಾರ್ಯಕ್ರಮದ ದಿನ ವೇಷ ಕಟ್ಟುವ ಕೋಣೆಗೆ ಇಬ್ಬರು ತಾಯಂದಿರು ಹೊಣೆ. ಮಕ್ಕಳ ಸಹಾಯವಾಣಿ 1098 ಎಂಬುದು ಸೂಚನಾ ಫಲಕದಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೇ ಬರೆದಿದೆ. ಮೊದಲ ದಿನ ಹಿರಿಯ ಶಿಕ್ಷಕರೊಬ್ಬರು ತಮ್ಮ ಮೇಲೆ ಸಂಶಯವೇ ಎಂದು ಬೇಸರಪಟ್ಟರು. ಸಂಶಯವಿಲ್ಲ ಸರ್, ಇದು ನಿಮಗೂ ರಕ್ಷಣೆ ಎಂದು ಹೇಳಿದೆ; ಈಗ ಅವರೇ ಬಾಗಿಲಿಗೆ ಕಲ್ಲು ಇಟ್ಟು ಬರುತ್ತಾರೆ.

ಕೇಳಿದವರಿಂದ, ಮೂರು ವಾರಗಳ ನಂತರ

ಬರೆದ ಎಲ್ಲರಿಗೂ ನಮಸ್ಕಾರ. ಧಾರವಾಡದ ಹಿರಿಯರು ಹೇಳಿದಂತೆ ಮಟ್ಟುಗಳ ಧ್ವನಿಮುದ್ರಣದ ಮಾತನ್ನು ಮೊದಲು ಎತ್ತಿದೆ. ಗುರುಗಳು ಎರಡು ದಿನ ಏನೂ ಹೇಳಲಿಲ್ಲ, ಮೂರನೆಯ ದಿನ ತಾವೇ ಫೋನ್ ಮಾಡಿ ಮದ್ದಳೆಯವರನ್ನು ಕರೆಸಲು ಹೇಳಿದರು. ಈವರೆಗೆ ನಾಲ್ಕು ಮಧ್ಯಾಹ್ನಗಳ ಧ್ವನಿಮುದ್ರಣವಾಗಿದೆ. ಕಳೆದ ಶನಿವಾರ ಡೈರಿಯನ್ನೂ ಕೈಗೆ ಕೊಟ್ಟರು. ಒಂದು ರೂಪಾಯಿಯೂ ತಪ್ಪಿಲ್ಲ, ಆದರೆ ಸಮಿತಿಯ ಪಟ್ಟಿ ಒಂಬತ್ತು ವರ್ಷಗಳಿಂದ ಸಲ್ಲಿಕೆಯಾಗಿಲ್ಲ. ಪಕ್ಕದ ಬೀದಿಯ ಹೆಜ್ಜೆ ಶಿಕ್ಷಕರ ಮನೆಗೂ ಹೋಗಿದ್ದೆ. ಅವರು ಮರಳುವುದಿಲ್ಲವೆಂದರು, ಆದರೆ ನಮ್ಮ ವಾರ್ಷಿಕೋತ್ಸವಕ್ಕೆ ಅವರ ಬಳಿ ಕಲಿಯುವ ಮಕ್ಕಳೂ ಒಂದು ಒಡ್ಡೋಲಗ (ವೇಷಗಳು ರಂಗಕ್ಕೆ ಬರುವ ಕುಣಿತ) ಮಾಡಬಹುದೇ ಎಂದು ಕೇಳಿದರು. ಯಾರು ವೇದಿಕೆ ಹತ್ತಬೇಕೆಂಬುದು ಗುರುಗಳ ತೀರ್ಮಾನ ಎಂದು ಹೇಳಿ ಬಂದಿದ್ದೇನೆ. ಗುರುಗಳಿಗೆ ಇನ್ನೂ ತಿಳಿಸಿಲ್ಲ. ಈ ಭಾನುವಾರ ಧ್ವನಿಮುದ್ರಣ ಮುಗಿದ ಮೇಲೆ ತಿಳಿಸಬೇಕು.