ಅಪ್‌ಡೇಟ್: ಆ ರೇಷ್ಮೆ ಸೀರೆ ವೆಬ್‌ಸೈಟ್ ನಂಬಬಹುದಾ ಅಂತ ಕೇಳಿದ್ದೆನಲ್ಲ

ಅರ್ಧಕ್ಕಿಂತ ಕಡಿಮೆ ಬೆಲೆಗೆ ರೇಷ್ಮೆ ಸೀರೆ ಮಾರುತ್ತಿದ್ದ ವೆಬ್‌ಸೈಟ್ ಬಗ್ಗೆ ಹೋದ ವಾರ ಕೇಳಿದ್ದೆ. ಕೊನೆಗೆ ಕೊಳ್ಳಲಿಲ್ಲ.

ಕೆಲಸಕ್ಕೆ ಬಂದಿದ್ದು "ಜಿಎಸ್‌ಟಿ ನಂಬರ್ ನೋಡಿ" ಎಂದವರ ಸಲಹೆ. ತುಂಬಾ ಥ್ಯಾಂಕ್ಸ್! ಪುಟದ ಕೆಳಗೆ ಬೆಂಗಳೂರಿನ ವಿಳಾಸವಿತ್ತು, ನಂಬರ್ ಮಾತ್ರ 07ರಿಂದ ಶುರು. ಮೊದಲ ಎರಡು ಅಂಕಿ ರಾಜ್ಯದ ಕೋಡ್ ಅನ್ನೋದು ನನಗೆ ಹೊಸ ವಿಷಯ. ಕರ್ನಾಟಕದ್ದು 29, 07 ದೆಹಲಿಯದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಹುಡುಕಬಹುದು. ಹುಡುಕಿದರೆ ಬಂದಿದ್ದು ಯಾವುದೋ ಹಾರ್ಡ್‌ವೇರ್ ಅಂಗಡಿಯ ಹೆಸರು, ಅದೂ ನೋಂದಣಿ ರದ್ದಾಗಿರುವುದು!

ಬ್ರೌಸರ್‌ನಲ್ಲಿ ವೆಬ್‌ಸೈಟ್ ವಿಳಾಸದ ಪಕ್ಕ ಬರುವ ಬೀಗದ ಚಿಹ್ನೆ ನೋಡುವುದರಿಂದ ಏನೂ ತಿಳಿಯಲಿಲ್ಲ, ಅದು ಇಲ್ಲೂ ಇತ್ತು. ನಾವು ಕಳಿಸುವ ಮಾಹಿತಿಯನ್ನು ನಡುವೆ ಯಾರೂ ಓದದಂತೆ ಕಾಯುತ್ತದೆ ಅಷ್ಟೇ, ಮಾರುವವರು ಎಂಥವರು ಅಂತ ಹೇಳುವುದಿಲ್ಲ.

ಈಗಾಗಲೇ ದುಡ್ಡು ಕಟ್ಟಿ ಮೋಸಹೋದವರು ದಯವಿಟ್ಟು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.