ಎಸ್24 ಅಲ್ಟ್ರಾ: ಪೆಟ್ಟಿಗೆ ಮೇಲಿನ ಅಂಕಿಗಳಲ್ಲಿ ಎಷ್ಟು ಕೈಗೆ ಸಿಗುತ್ತೆ? ಒಂದು ವಾರದಲ್ಲಿ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಮಿಂಚುಪರದೆ

ಫೋನು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಲ್ಟ್ರಾ. ಹಿಡಿಸದಿದ್ದರೆ ವಾಪಸ್ ಮಾಡಲು ಒಂದು ವಾರ ಸಮಯವಿದೆ. ಪೆಟ್ಟಿಗೆ ಮೇಲಿನ ಪಟ್ಟಿ ಬಾಯಿಪಾಠ ಆಗಿದೆ: 200 ಮೆಗಾಪಿಕ್ಸೆಲ್ ಕ್ಯಾಮೆರಾ, 2600 ನಿಟ್ಸ್ (ಪರದೆಯ ಹೊಳಪು), 45 ವ್ಯಾಟ್ ಚಾರ್ಜಿಂಗ್, ಟೈಟಾನಿಯಂ ಚೌಕಟ್ಟು, ಐಪಿ68 (ನೀರು, ಧೂಳು ತಡೆ), 7 ವರ್ಷ ಅಪ್‌ಡೇಟ್. ಇವುಗಳಲ್ಲಿ ದಿನಬಳಕೆಗೆ ಒದಗುವುದು ಯಾವುದು, ಬರೀ ಜಾಹೀರಾತು ಯಾವುದು? ವಿಮರ್ಶೆಗಳ ಕೊಂಡಿ ಬೇಡ. ವಿಶೇಷ ಉಪಕರಣ ಇಲ್ಲದೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೇಳಿ. ಈ ಪೀಸ್‌ನಲ್ಲೇ ದೋಷವಿದ್ದರೆ ವಾರದೊಳಗೆ ಸಿಕ್ಕಿಬೀಳಬೇಕು. ಬಳಕೆ: ಫೋಟೋ ಹೆಚ್ಚು, ಗೇಮ್ ಸ್ವಲ್ಪ, ಕನಿಷ್ಠ 5 ವರ್ಷ.

ಉತ್ತರ: ಬಿಸಿತಟ್ಟೆ

ಮೊದಲ ಎರಡು ದಿನದ ಬ್ಯಾಟರಿ, ಬಿಸಿ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಹಳೇ ಫೋನಿನಿಂದ ಆ್ಯಪ್‌ಗಳು ಇಳಿಯುತ್ತಿರುತ್ತವೆ, ಗ್ಯಾಲರಿ ಸಾವಿರಾರು ಫೋಟೋಗಳನ್ನು ವಿಂಗಡಿಸುತ್ತಿರುತ್ತೆ. "ಹೊಸ ಫೋನು ಕಾಯುತ್ತೆ" ಅನ್ನೋ ಅರ್ಧಕ್ಕರ್ಧ ದೂರು ಹುಟ್ಟೋದು ಇಲ್ಲೇ. ಪರೀಕ್ಷೆ ಮೂರನೇ ದಿನ ಶುರು ಮಾಡಿ.

ಕವರ್ ತೆಗೆಯಿರಿ, ಏರೋಪ್ಲೇನ್ ಮೋಡ್ ಹಾಕಿ, ಬ್ರೈಟ್‌ನೆಸ್ ಅರ್ಧಕ್ಕಿಡಿ, ಚಾರ್ಜರ್ ಬೇಡ. ಫೋನಿನ ಗ್ರಾಫಿಕ್ಸ್ ವೇಗ ಅಳೆಯುವ 3ಡಿಮಾರ್ಕ್ ಆ್ಯಪ್‌ನ ವೈಲ್ಡ್ ಲೈಫ್ ಎಕ್ಸ್‌ಟ್ರೀಮ್ ಸ್ಟ್ರೆಸ್ ಟೆಸ್ಟ್ ಓಡಿಸಿ. ಒಂದೊಂದು ನಿಮಿಷದ 20 ಸುತ್ತು ಇರುತ್ತೆ. ಕೊನೆಗೆ ತೋರಿಸುವ ಸ್ಟೆಬಿಲಿಟಿ ಶೇಕಡಾವಾರು ನೋಡಿ ಮೋಸಹೋಗಬೇಡಿ, ಅದು ಕನಿಷ್ಠ ಸುತ್ತನ್ನು ಗರಿಷ್ಠ ಸುತ್ತಿನಿಂದ ಭಾಗಿಸಿದ ಲೆಕ್ಕ ಅಷ್ಟೇ. 5000 ಅಂಕದಿಂದ ಶುರುವಾಗಿ ಶೇ 60ಕ್ಕೆ ಇಳಿದ ಫೋನು 3000ದಲ್ಲಿ ನಿಲ್ಲುತ್ತೆ. 3200ರಿಂದ ಶುರುವಾಗಿ ಶೇ 90 ಉಳಿಸಿಕೊಂಡದ್ದು 2880ರಲ್ಲಿ. ಶೇಕಡಾವಾರಿನಲ್ಲಿ ಗೆದ್ದದ್ದು ನಿಜವಾಗಿ ಹಿಂದೆ ಬಿದ್ದಿದೆ! ಹಾಗಾಗಿ ಕನಿಷ್ಠ ಸುತ್ತಿನ ಅಂಕವನ್ನೇ ಬರೆದಿಟ್ಟುಕೊಳ್ಳಿ, ಹೋಲಿಸೋದಿದ್ದರೆ ಅದನ್ನೇ ಹೋಲಿಸಿ.

ಟೈಟಾನಿಯಂ ಬಗ್ಗೆ: ಗಟ್ಟಿ ಹೌದು, ಆದರೆ ಶಾಖ ಸಾಗಿಸುವುದರಲ್ಲಿ ಅಲ್ಯೂಮಿನಿಯಂಗಿಂತ ತುಂಬಾ ಹಿಂದೆ. ಒಳಗೆ ವೇಪರ್ ಚೇಂಬರ್ (ಶಾಖ ಹರಡುವ ತೆಳು ಲೋಹದ ಕೋಶ) ಇರೋದರಿಂದ ಶಾಖ ಪರದೆ ಮತ್ತು ಹಿಂಬದಿ ಗಾಜಿಗೆ ಹರಡುತ್ತೆ. ದಪ್ಪ ಕವರ್ ಹಾಕಿ ಗೇಮ್ ಆಡಿದರೆ ಆ ದಾರಿಯಲ್ಲಿ ಒಂದನ್ನು ಮುಚ್ಚಿದ ಹಾಗೆ.

ಉತ್ತರ: ಮೂಲೆನೋಟ

ಫೋಟೋ ಹೆಚ್ಚು ಅಂದಿದ್ದೀರಿ, ಅದಕ್ಕೆ ಕ್ಯಾಮೆರಾ ಬಗ್ಗೆ ವಿವರವಾಗಿ.

ಮೊದಲು ದೋಷ ಹುಡುಕುವ ಪರೀಕ್ಷೆ. ಇಟ್ಟಿಗೆ ಗೋಡೆ ಅಥವಾ ಗೋಡೆಗಂಟಿಸಿದ ಪತ್ರಿಕೆಯ ಪುಟಕ್ಕೆ ಫೋನನ್ನು ನೇರವಾಗಿ, ಸಮಾನಾಂತರವಾಗಿ ಹಿಡಿದು ಹಗಲು ಬೆಳಕಿನಲ್ಲಿ ನಾಲ್ಕೂ ಲೆನ್ಸಿನಲ್ಲಿ ಒಂದೊಂದು ಫೋಟೋ ತೆಗೆಯಿರಿ. ಫೋನು ತಲೆಕೆಳಗು ಮಾಡಿ ಮತ್ತೊಮ್ಮೆ. ನಾಲ್ಕು ಮೂಲೆಯೂ ಒಂದೇ ಸಮ ಮಂದವಾಗಿದ್ದರೆ ಅದು ಲೆನ್ಸಿನ ವಿನ್ಯಾಸ, ಎಲ್ಲಾ ಪೀಸ್‌ನಲ್ಲೂ ಅಷ್ಟೇ. ಒಂದೇ ಮೂಲೆ ಕಲಸಿಹೋಗಿದ್ದು, ಫೋನು ತಿರುಗಿಸಿದಾಗ ಆ ಮಂದವೂ ಎದುರು ಮೂಲೆಗೆ ಹೋದರೆ ಲೆನ್ಸ್ ವಾಲಿ ಕೂತಿದೆ. ಯಾವ ಅಪ್‌ಡೇಟೂ ಅದನ್ನು ಸರಿಮಾಡಲ್ಲ. ಯೋಚಿಸದೆ ವಾಪಸ್ ಕೊಡಿ.

200 ಮೆಗಾಪಿಕ್ಸೆಲ್: ಒಂದೊಂದು ಪಿಕ್ಸೆಲ್ 0.6 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಮಾಮೂಲಿ ಮೋಡ್‌ನಲ್ಲಿ 16 ಪಿಕ್ಸೆಲ್ ಕೂಡಿ ಒಂದಾಗಿ, 2.4 ಮೈಕ್ರಾನಿನ 12 ಮೆಗಾಪಿಕ್ಸೆಲ್ ಚಿತ್ರ ಬರುತ್ತೆ. ನೀವು ದಿನಾ ನೋಡೋದು ಇದನ್ನೇ. 200ರ ಮೋಡ್ ಬಿಸಿಲಿನಲ್ಲಿ, ಅಲುಗಾಡದ ದೃಶ್ಯಕ್ಕೆ, ಆಮೇಲೆ ಕತ್ತರಿಸಿಕೊಳ್ಳಲು ಮಾತ್ರ ಸರಿ. ಕೋಣೆಯೊಳಗೆ ಹಾಕಿದರೆ ಫೈಲು ದೊಡ್ಡದಾಗುತ್ತೆ, ವಿವರ ಹೆಚ್ಚಲ್ಲ.

ಜೂಮ್: ಇಲ್ಲಿ 3 ಪಟ್ಟಿನ 10 ಮೆಗಾಪಿಕ್ಸೆಲ್ ಮತ್ತು 5 ಪಟ್ಟಿನ 50 ಮೆಗಾಪಿಕ್ಸೆಲ್ ಟೆಲಿ (ದೂರದ್ದನ್ನು ಹತ್ತಿರ ತೋರಿಸುವ) ಲೆನ್ಸುಗಳಿವೆ. ದೂರದ ಬೋರ್ಡೊಂದನ್ನು 2.9, 3, 4.9, 5ರಲ್ಲಿ ತೆಗೆದು ಅಕ್ಷರಗಳ ಅಂಚು ನೋಡಿ. ದುರ್ಬಲ ಜಾಗ 3ರಿಂದ 5ರ ನಡುವೆ, ಅದರಲ್ಲೂ 4ರ ಮೇಲೆ. ಅಲ್ಲಿ ನಡೆಯೋದು ಆ ಸಣ್ಣ ಸೆನ್ಸರಿನ ಚಿತ್ರವನ್ನು ಹಿಗ್ಗಿಸುವ ಕೆಲಸ. ಎರಡು ಹೆಜ್ಜೆ ಹಿಂದೆ ಸರಿದು 5ರಲ್ಲೇ ತೆಗೆಯೋದು ವಾಸಿ.

ಇನ್ನೊಂದು ಕಿತಾಪತಿ. ಮಬ್ಬು ಬೆಳಕಿನಲ್ಲಿ ಅಥವಾ ವಸ್ತು ತೀರಾ ಹತ್ತಿರ ಇದ್ದಾಗ ಪರದೆ ಮೇಲೆ 3 ಅಥವಾ 5 ಅಂತಲೇ ತೋರಿಸಿ, ಒಳಗೊಳಗೇ ಮುಖ್ಯ ಕ್ಯಾಮೆರಾದ ಚಿತ್ರ ಕತ್ತರಿಸಿ ಕೊಡುತ್ತೆ. ಹಿಡಿಯೋದು ಸುಲಭ: ಟೆಲಿ ಲೆನ್ಸಿಗೆ ಬೆರಳು ಅಡ್ಡ ಇಡಿ. ಪರದೆ ಕಪ್ಪಾಗದಿದ್ದರೆ ಆ ಲೆನ್ಸ್ ಕೆಲಸಕ್ಕೇ ಬಂದಿಲ್ಲ. ಕ್ಯಾಮೆರಾ ಅಸಿಸ್ಟೆಂಟ್ ಆ್ಯಪ್ ಹಾಕಿಕೊಂಡು ಅದರಲ್ಲಿ ಲೆನ್ಸ್ ತಾನಾಗೇ ಬದಲಾಗುವ ಆಯ್ಕೆಯನ್ನು ಆಫ್ ಮಾಡಬಹುದು.

ಓಡಾಡೋ ಮಕ್ಕಳು, ಸಾಕುಪ್ರಾಣಿ ಇದ್ದರೆ ನಿಜವಾದ ಕೊರತೆ ಗೊತ್ತಾಗೋದು ಕೋಣೆಯೊಳಗೆ. ಫೋಟೋ ವಿವರದಲ್ಲಿ ಶಟರ್ ವೇಗ ನೋಡಿ. 1/60 ಸೆಕೆಂಡ್ ಇದ್ದರೆ ಕೈ ಬೀಸಿದವರ ಬೆರಳು ಕಲಸಿಯೇ ಹೋಗುತ್ತೆ. ಅಂಥ ಕಡೆ ಪ್ರೊ ಮೋಡ್‌ನಲ್ಲಿ 1/250 ಇಟ್ಟು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋಗೆ ಬಿಡಿ. ಕಾಳುಕಾಳು ಬರುತ್ತೆ, ಆದರೆ ಮುಖ ಮುಖದಂತೆ ಇರುತ್ತೆ. ಅದೇ ಕ್ಯಾಮೆರಾ ಅಸಿಸ್ಟೆಂಟಿನಲ್ಲಿ ಬೆರಳು ಎತ್ತಿದಾಗ ಅಲ್ಲ, ತಾಗಿದ ಕೂಡಲೇ ಶಟರ್ ಬಿಡುವ ಆಯ್ಕೆಯೂ ಇದೆ, ಆನ್ ಮಾಡಿ.

ಉತ್ತರ: ಕಪ್ಪುಬೆಳಕು

2600 ನಿಟ್ಸ್ ಅನ್ನೋದು ಪರದೆಯ ಸಣ್ಣ ಭಾಗ ಮಾತ್ರ ಉರಿಯುವಾಗಿನ ಶಿಖರ. ಪೂರ್ತಿ ಬಿಳಿ ಪುಟಕ್ಕೆ ಅಷ್ಟು ಬರಲ್ಲ, ಆಟೋ ಬ್ರೈಟ್‌ನೆಸ್ ಆಫ್ ಇದ್ದರೆ ಇನ್ನೂ ಕಡಿಮೆ. ಬಿಸಿಲಿನಲ್ಲಿ ಬಿಳಿ ಪುಟ ತೆರೆದು ಹತ್ತು ನಿಮಿಷ ಬಿಡಿ, ಬಿಸಿಯಾದ ಮೇಲೆ ಎಷ್ಟು ಮಂಕಾಗುತ್ತೆ ನೋಡಿ. ಈ ಫೋನಿನ ನಿಜವಾದ ಬಲ ಹೊಳಪಲ್ಲ, ಪ್ರತಿಫಲನ ತಗ್ಗಿಸುವ ಗಾಜು. ಅದರ ಮೇಲೆ ಮಾಮೂಲಿ ಟೆಂಪರ್ಡ್ ಗ್ಲಾಸ್ ಅಂಟಿಸಿದರೆ ಆ ಗುಣವೇ ಹೋಯ್ತು. ಜೊತೆಗೆ ಬೆರಳಚ್ಚು ಸೆನ್ಸರ್ ಶಬ್ದತರಂಗದ್ದು. ಗಾಜಿನ ನಡುವೆ ಗಾಳಿ ಸಿಕ್ಕಿದರೆ ಓದಲ್ಲ. ಅಂಟಿಸಲೇಬೇಕಿದ್ದರೆ ಪೂರ್ತಿ ಅಂಟುವ ಫಿಲ್ಮ್ ಹಾಕಿ, ಬೆರಳಚ್ಚನ್ನು ಹೊಸದಾಗಿ ದಾಖಲಿಸಿ.

ಪ್ಯಾನೆಲ್ ದೋಷಕ್ಕೆ: ಕತ್ತಲೆ ಕೋಣೆಯಲ್ಲಿ ಗಾಢ ಬೂದು ಚಿತ್ರವನ್ನು ಕನಿಷ್ಠ ಬ್ರೈಟ್‌ನೆಸ್‌ನಲ್ಲಿ ಪೂರ್ತಿ ಪರದೆಗೆ ತೆರೆಯಿರಿ. ಹಸಿರು ಛಾಯೆ, ಉದ್ದಗೆರೆ ಕಂಡರೆ ಬದಲಿಸಿಕೊಳ್ಳಿ. ಕಣ್ಣು ನೋವು ಬರುವವರಾದರೆ ಇನ್ನೊಂದು ಫೋನಿನ ಪ್ರೊ ಮೋಡ್‌ನಲ್ಲಿ 1/4000 ಶಟರ್ ಇಟ್ಟು ಈ ಪರದೆ ನೋಡಿ. ಕಪ್ಪು ಪಟ್ಟಿಗಳು ಕಾಣೋದು ಪಿಡಬ್ಲ್ಯುಎಂ ಮಿಣುಕಿನಿಂದ, ಅಂದರೆ ಹೊಳಪು ತಗ್ಗಿಸಲು ಪರದೆ ಬೇಗಬೇಗ ಆರಿ ಹತ್ತುವುದರಿಂದ. ರಾತ್ರಿ ಬ್ರೈಟ್‌ನೆಸ್ ತೀರಾ ಇಳಿಸುವ ಬದಲು ಸ್ವಲ್ಪ ಮೇಲಿಟ್ಟು "ಎಕ್ಸ್‌ಟ್ರಾ ಡಿಮ್" ಹಾಕಿದರೆ ಹಲವರಿಗೆ ಹಿತ ಅನಿಸುತ್ತೆ.

ಅಂದಹಾಗೆ ಪೆಟ್ಟಿಗೆಯಿಂದ ಬರುವಾಗ ರೆಸಲ್ಯೂಷನ್ ಫುಲ್ ಎಚ್‌ಡಿ ಪ್ಲಸ್‌ನಲ್ಲಿರುತ್ತೆ. 1440×3120 ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನೀವೇ ಬದಲಿಸಬೇಕು.

ಉತ್ತರ: ತಂತಿಬಾಲ

45 ವ್ಯಾಟ್ ಬರಬೇಕಾದರೆ ಚಾರ್ಜರಿನಲ್ಲಿ ಪಿಪಿಎಸ್ (ಫೋನು ಕೇಳಿದಂತೆ ವೋಲ್ಟೇಜನ್ನು ಸಣ್ಣ ಹಂತಗಳಲ್ಲಿ ಹೊಂದಿಸುವ ವ್ಯವಸ್ಥೆ) ಇರಬೇಕು, ಕೇಬಲ್ 5 ಆಂಪಿಯರಿನದ್ದಾಗಿರಬೇಕು. 65 ವ್ಯಾಟ್ ಲ್ಯಾಪ್‌ಟಾಪ್ ಚಾರ್ಜರಿಗೆ ಪಿಪಿಎಸ್ ಇಲ್ಲದಿದ್ದರೆ ಅದರಿಂದಲೂ ನಿಧಾನವೇ. ಎಲ್ಲಾ ಸರಿಯಿದ್ದರೂ 45 ಇರೋದು ಬ್ಯಾಟರಿ ಖಾಲಿ ಇರುವಾಗ ಕೆಲಕಾಲ ಅಷ್ಟೇ. ತುಂಬುತ್ತಾ ಬಂದಂತೆ ಕರೆಂಟ್ ಇಳಿಯುತ್ತೆ.

5 ವರ್ಷ ಅಂದಿರಿ. 7 ವರ್ಷದ ಅಪ್‌ಡೇಟ್ ದೊಡ್ಡ ಬಲವೇ, ಆದರೆ ಮೂಲ ಬ್ಯಾಟರಿ ಅಷ್ಟು ಕಾಲ ಬಾಳಲ್ಲ. ಒಂದು ಬ್ಯಾಟರಿ ಬದಲಾವಣೆಯ ಖರ್ಚು ಈಗಲೇ ಲೆಕ್ಕಕ್ಕೆ ಸೇರಿಸಿ. ಬ್ಯಾಟರಿ ಪ್ರೊಟೆಕ್ಷನ್‌ನಲ್ಲಿ 80ರ ಮಿತಿ ಹಾಕಿದರೆ ಬಾಳಿಕೆ ಹೆಚ್ಚುತ್ತೆ. ಆದರೆ ಮಿತಿ ಹಾಕಿ, ಕಾರಿನ ಗಾಜಿನ ಹಿಂದೆ ಬಿಸಿಲಿಗಿಟ್ಟು ವೈರ್‌ಲೆಸ್ ಚಾರ್ಜ್ ಮಾಡುತ್ತಾ ಮ್ಯಾಪ್ ಓಡಿಸಿದರೆ ಗಳಿಸಿದ್ದೆಲ್ಲಾ ನೀರುಪಾಲು.

ಐಪಿ68: ಇಲ್ಲಿ ಅದರ ಅರ್ಥ ಸಿಹಿನೀರು, 1.5 ಮೀಟರ್, 30 ನಿಮಿಷ. ಸಮುದ್ರ, ಸೋಪುನೀರು, ಹಬೆ ಇದರೊಳಗೆ ಬರಲ್ಲ. ತಡೆಯೋದು ಅಂಟು ಮತ್ತು ರಬ್ಬರು. ಜೋರಾಗಿ ಬಿದ್ದ ಮೇಲೆ ಅಥವಾ ಒಮ್ಮೆ ಬಿಚ್ಚಿದ ಮೇಲೆ ಅದನ್ನು ನಂಬುವಂತಿಲ್ಲ. ಹಾಗಾಗಿ ನೀರಿಗೆ ಅದ್ದಿ ಪರೀಕ್ಷಿಸಲು ಹೋಗಬೇಡಿ.

ಉತ್ತರ: ಬಿಸಿತಟ್ಟೆ

ತಂತಿಬಾಲ ಹೇಳಿದ 80ರ ಮಿತಿಯನ್ನು ಪರೀಕ್ಷೆಯ ವಾರದಲ್ಲಿ ಹಾಕಬೇಡಿ. 100ರಿಂದ 20ರ ತನಕ ಎರಡು ಬಾರಿಯಾದರೂ ಇಳಿಸಿ, ಸ್ಕ್ರೀನ್ ಆನ್ ಸಮಯ ಬರೆದಿಡಿ. ರಾತ್ರಿ ಮಲಗುವಾಗ ಮತ್ತು ಎದ್ದಾಗ ಶೇಕಡಾವಾರು ಎಷ್ಟಿತ್ತು ಅನ್ನೋದನ್ನೂ ಬರೆದಿಡಿ. ಎಂಟು ಗಂಟೆಗೆ 10ಕ್ಕಿಂತ ಹೆಚ್ಚು ಇಳಿದರೆ ಮುಂದಿನ ರಾತ್ರಿ ಏರೋಪ್ಲೇನ್ ಮೋಡ್‌ನಲ್ಲಿಟ್ಟು ನೋಡಿ. ಆಗ ಇಳಿಕೆ ನಿಂತರೆ ಸಿಗ್ನಲ್ ದುರ್ಬಲ ಅಥವಾ ನೆಟ್ ಬಳಸುವ ಯಾವುದೋ ಆ್ಯಪ್ ಕಾರಣ. ಆಗಲೂ ಅಷ್ಟೇ ಇಳಿದರೆ ಸೇಫ್ ಮೋಡ್‌ನಲ್ಲಿ (ನೀವು ಹಾಕಿಕೊಂಡ ಆ್ಯಪ್‌ಗಳು ಓಡದ ಸ್ಥಿತಿ) ಮತ್ತೊಂದು ರಾತ್ರಿ. ಅಲ್ಲೂ ಇಳಿದರೆ ಪೆಟ್ಟಿಗೆಗೆ ವಾಪಸ್ ತುಂಬಿ.